ಹಳೇ ಕಾಲದ ಅಲಂಕಾರದ ಅಕ್ಷರ: ಅಂಗಡಿಗೆ ಬಂದವರು ಕೇಳಿದ್ದು, ನಾನು ಹೇಳಿದ್ದು

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಬೋರ್ಡು, ಮದುವೆ ಕಾರ್ಡು, ಪೇಢಾ ಡಬ್ಬಿ, ಖಾರಪುಡಿ ಪ್ಯಾಕೆಟ್ಟು, ನಾಟಕದ ಪೋಸ್ಟರ್ ಎಲ್ಲದಕ್ಕೂ ಅಕ್ಷರ ಜೋಡಿಸಿಕೊಡುತ್ತೇನೆ. ಈಚೆಗೆ ಬರುವವರು ಕೇಳುವುದು ಒಂದೇ: "ಹಳೇ ಕಾಲದ್ದರಂಗ ಅಕ್ಷರ ಬೇಕ್ರಿ." ಹುಡುಗರು ಇದಕ್ಕೆ ವಿಂಟೇಜ್ ಅನ್ನುತ್ತಾರೆ, ಹಿರಿಯರು ಪೇಂಟರ್ ಬರದಂಗ ಅನ್ನುತ್ತಾರೆ. ಅಂಗಡಿಯ ಕಟ್ಟೆಯ ಮೇಲೆ, ಫೋನಿನಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಸಲ ಬಂದವರು ಕೇಳುವುದು

"ಸೆರಿಫ್ ಸೆರಿಫ್ ಅಂತೀರಲ್ಲ, ಹಂಗಂದ್ರ ಏನ್ರಿ?"

ಇಂಗ್ಲಿಷಿನ ದೊಡ್ಡ ಐ ಅಕ್ಷರ ನೆನಪಿಸಿಕೊಳ್ಳಿ. ಪುಸ್ತಕದ ಅಚ್ಚಿನಲ್ಲಿ ಅದರ ತಲೆಗೊಂದು, ಕಾಲಿಗೊಂದು ಅಡ್ಡಗೆರೆ ಇರುತ್ತದೆ. ಗೆರೆ ಮುಗಿಯುವ ಕಡೆ ಬರುವ ಆ ಪುಟ್ಟ ಪಾದವೇ ಸೆರಿಫ್. ರೋಮನ್ನರು ಕಲ್ಲಿನಲ್ಲಿ ಕೊರೆದ ಅಕ್ಷರದಲ್ಲೇ ಅದು ಇತ್ತು. ರೋಮ್ ನಗರದ ಟ್ರಾಜನ್ ಕಂಬದ ಬರಹ ಕ್ರಿ.ಶ. 113ರದ್ದು, ಇವತ್ತಿಗೂ ಅಕ್ಷರ ಬಿಡಿಸುವವರು ಅದನ್ನು ನೋಡಿ ಕಲಿಯುತ್ತಾರೆ. ಪಾದ ಇಲ್ಲದ ಅಕ್ಷರಕ್ಕೆ ಸಾನ್ಸ್ ಸೆರಿಫ್ ಅಂತ ಹೆಸರು. ನಿಮ್ಮ ಫೋನಿನಲ್ಲಿ ಕಾಣುವ ಇಂಗ್ಲಿಷ್ ಬಹುತೇಕ ಆ ಜಾತಿಯದು.

"ವಿಂಟೇಜ್ ಅಂದ್ರ ಎಷ್ಟು ಹಳೇದು? ಅಜ್ಜನ ಕಾಲದ್ದೋ, ಮುತ್ತಜ್ಜನ ಕಾಲದ್ದೋ?"

ಮುತ್ತಜ್ಜನಿಗಿಂತ ಹಿಂದಿನದು. ಆದರೆ ಒಂದೇ ಕಾಲದ್ದಲ್ಲ.

18ನೇ ಶತಮಾನದ ಕೊನೆಗೆ ಇಟಲಿಯ ಬೊಡೋನಿ, ಪ್ಯಾರಿಸ್ಸಿನ ದಿದೋ ಮನೆತನದವರು ಅಕ್ಷರದ ದಪ್ಪ ಗೆರೆಯನ್ನು ಪೂರ್ತಿ ದಪ್ಪ, ತೆಳು ಗೆರೆಯನ್ನು ಕೂದಲೆಳೆ ಮಾಡಿದರು. ಅವು ಪುಸ್ತಕಕ್ಕೆ ಮಾಡಿದ ಅಕ್ಷರಗಳು. ಆಮೇಲೆ ಇಂಗ್ಲೆಂಡಿನಲ್ಲಿ ಕಾರ್ಖಾನೆ ಎದ್ದವು, ಮಾಲು ಜಾಸ್ತಿ ಆಯಿತು, ಮಾರುವವರ ಜಗಳ ಗೋಡೆಗೆ ಬಂತು. ಪುಸ್ತಕದ ಅಕ್ಷರ ಗೋಡೆಯ ಮೇಲೆ ಕಾಣಬೇಕಲ್ಲ? ಲಂಡನ್ನಿನ ಅಚ್ಚುಮೊಳೆ (ಶಾಯಿ ಹಚ್ಚಿ ಒತ್ತುವ ಬಿಡಿ ಅಕ್ಷರ) ಎರಕದವರು ಅದೇ ಅಕ್ಷರವನ್ನು ಉಬ್ಬಿಸಿ ಫ್ಯಾಟ್ ಫೇಸ್ ಮಾಡಿದರು. 1815ರ ಹೊತ್ತಿಗೆ ವಿನ್ಸೆಂಟ್ ಫಿಗಿನ್ಸ್ ಇಟ್ಟಿಗೆಯಂಥ ದಪ್ಪ ಪಾದದ ಅಕ್ಷರ ತಂದ. ಮೀನಿನ ಬಾಲದ ಹಾಗೆ ಸೀಳಿದ ಪಾದದ ಟಸ್ಕನ್ ಶೈಲಿಯೂ ಅದೇ ಕಾಲದ್ದು. 1827ರಲ್ಲಿ ಅಮೆರಿಕದ ಡೇರಿಯಸ್ ವೆಲ್ಸ್ ಯಂತ್ರದಿಂದ ಮರದ ಮೊಳೆ ಕೊರೆಯಲು ಶುರು ಮಾಡಿದ. ಅಲ್ಲಿಂದ ಆಳೆತ್ತರದ ಪೋಸ್ಟರ್ ಅಗ್ಗವಾಯಿತು. 1845ರಲ್ಲಿ ಕ್ಲಾರೆಂಡನ್ ಅನ್ನುವ ಅಕ್ಷರ ಬಂತು. ಈಗ ಕೆಫೆ ಬೋರ್ಡುಗಳಲ್ಲಿ ಕಾಣುವ ದುಂಡು ದುಂಡು ಕೂಪರ್ ಬ್ಲ್ಯಾಕ್ 1922ರದ್ದು.

ಇವತ್ತು ವಿಂಟೇಜ್ ಅಂತ ಮಾರುವ ಫಾಂಟು ಈ ನೂರಾ ಚಿಲ್ಲರೆ ವರ್ಷದಲ್ಲಿ ಎಲ್ಲಿಂದಲೋ ಒಂದು ಪಾದ, ಎಲ್ಲಿಂದಲೋ ಒಂದು ಬಾಲ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಹೊಸದಾಗಿ ಬಿಡಿಸಿದ್ದು. ಅದರಲ್ಲಿ ತಪ್ಪೇನಿಲ್ಲ. ಹಳೇದು ಅಂತ ಮಾರಿದರೆ ಮಾತ್ರ ತಪ್ಪು.

"ನಮ್ಮ ಕಡೆ ಇಂಥಾ ಅಕ್ಷರ ಇದ್ದವೇನು? ಎಲ್ಲಿ ನೋಡಬೇಕು?"

ಗದಗಕ್ಕೆ ಹೋಗಿ. ಆ ಊರಿಗೆ ಮುದ್ರಣ ಕಾಶಿ ಅಂತ ಸುಮ್ನೆ ಹೆಸರು ಬಂದಿಲ್ಲ. ಪಂಚಾಂಗ, ಕ್ಯಾಲೆಂಡರು, ನಾಟಕದ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು ಅಲ್ಲಿಂದ ಇಡೀ ಉತ್ತರ ಕರ್ನಾಟಕಕ್ಕೆ ಹೋಗುತ್ತಿತ್ತು. ಹಳೇ ಹ್ಯಾಂಡ್‌ಬಿಲ್ ಸಿಕ್ಕರೆ ಬಿಡಬೇಡಿ. ತೆಳು ಗುಲಾಬಿ ಕಾಗದ, ಒಂದೇ ಬಣ್ಣದ ಶಾಯಿ. ಮೇಲೆ ಕಂಪನಿಯ ಹೆಸರು, ನಡುವೆ ನಾಟಕದ ಹೆಸರು ಮರದ ಮೊಳೆಯಲ್ಲಿ, ಕೆಳಗೆ ಪಾತ್ರಧಾರಿಗಳ ಹೆಸರು ಒಂದೊಂದು ಸಾಲು ಒಂದೊಂದು ಸೈಜಿನಲ್ಲಿ. ಬೇರೆ ಬೇರೆ ಸೈಜು ಹಾಕಿದ್ದು ಶೋಕಿಗೆ ಅಷ್ಟೇ ಅಲ್ಲ. ಒಂದು ಸೈಜಿನ ಮೊಳೆ ಕೇಸಿನಲ್ಲಿ (ಮೊಳೆ ಇಡುವ ಪೆಟ್ಟಿಗೆಯಲ್ಲಿ) ಖಾಲಿಯಾದರೆ ಅದನ್ನು ಜೋಡಿಸುವ ಕಂಪೋಸಿಟರ್ ಮುಂದಿನ ಸೈಜಿಗೆ ಕೈ ಹಾಕಲೇಬೇಕಿತ್ತು. ಆ ಬಡತನವೇ ಈಗ ಸ್ಟೈಲ್ ಆಗಿದೆ!

ಧಾರವಾಡದವರಾದರೆ ಹಳೇ ಪುಸ್ತಕ, ಪತ್ರಿಕೆ ಹುಡುಕಿ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘ ಇರುವ ಊರು ಅದು. ಓದುವವರ ಮನೆಯ ಅಟ್ಟದಲ್ಲಿ ಏನಾದರೂ ಇದ್ದೇ ಇರುತ್ತದೆ. ಒಳಪುಟ ಬಿಟ್ಟು ರಕ್ಷಾಪುಟವನ್ನೂ ಹಿಂಬದಿಯ ಜಾಹೀರಾತನ್ನೂ ನೋಡಿ, ಮಜಾ ಅಲ್ಲಿದೆ. ಬೋರ್ಡಿನ ಅಕ್ಷರದ ಕಥೆ ಬೇರೆ, ಅದು ಬ್ರಷ್ಷಿನಿಂದ ಬಂದದ್ದು. ಧಾರವಾಡದಲ್ಲಿ ಹಾಲಭಾವಿಯವರ ಕಲಾಶಾಲೆ, ಗದಗದಲ್ಲಿ ಅಕ್ಕಿಯವರ ವಿಜಯ ಕಲಾ ಮಂದಿರ, ಇಂಥ ಕಡೆ ಕೈ ಪಳಗಿಸಿದವರು ಈ ಭಾಗದಲ್ಲಿ ಬಹಳ ಮಂದಿ.

"ಇಂಗ್ಲಿಷ್‌ನ್ಯಾಗ ಇದ್ದಂಗ ಕನ್ನಡಕ್ಕೂ ಕಾಲು ಹಚ್ಚಿ ಕೊಡ್ರಿ, ಆಗ್ತದಿಲ್ಲೋ?"

ಆಗುತ್ತದೆ. ಆದರೆ ನಾನು ಮಾಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಇಂಗ್ಲಿಷ್ ಅಕ್ಷರ ನಿಂತ ಗೆರೆಗಳದ್ದು. ನಿಂತವರಿಗೆ ಪಾದ ಬೇಕು. ಕನ್ನಡದ ಅಕ್ಷರ ನಿಲ್ಲುವುದಿಲ್ಲ, ಕೂರುತ್ತದೆ. ದ, ರ, ಠ ಬರೆದು ನೋಡಿ. ಕೆಳಗೆ ದುಂಡು ಹೊಟ್ಟೆ, ಮೇಲೆ ತಲೆಕಟ್ಟು. ಗ ದಂಥ ಒಂದೆರಡಕ್ಕೆ ಕಾಲಿದೆ ನಿಜ, ಉಳಿದವಕ್ಕೆ ನೆಲಕ್ಕೆ ತಾಗುವ ನೆಟ್ಟನೆ ಗೆರೆಯೇ ಇಲ್ಲ. ಅದರ ಕೆಳಗೆ ಅಡ್ಡಪಟ್ಟಿ ಅಂಟಿಸಿದರೆ ಗಡಿಗೆಗೆ ಚಪ್ಪಲಿ ತೊಡಿಸಿದಂಗೆ ಕಾಣುತ್ತದೆ.

ದಪ್ಪ-ತೆಳು ಗೆರೆಯ ಆಟವೂ ನಮ್ಮಲ್ಲಿ ಮೊದಲಿನಿಂದ ಇದ್ದದ್ದಲ್ಲ. ತಾಳೆಗರಿಯ ಮೇಲೆ ಕಂಟದಿಂದ ಕೊರೆದರೆ ಗೆರೆ ಎಲ್ಲಾ ಕಡೆ ಒಂದೇ ದಪ್ಪ. ಬೊರು (ಜೊಂಡಿನ ಲೇಖನಿ), ಬ್ರಷ್ಷು, ಅಚ್ಚುಮೊಳೆ ಬಂದ ಮೇಲೆ ಗೆರೆಗೆ ಮೈ ಬಂತು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಶುರುವಾಗಿದ್ದು 1841ರಲ್ಲಿ. ಕಿಟೆಲ್ ನಿಘಂಟು 1894ರಲ್ಲಿ ಅಲ್ಲೇ ಅಚ್ಚಾಯಿತು. ಅಂದರೆ ಅಚ್ಚಿನ ಕನ್ನಡಕ್ಕೂ ಈಗ ಸಾಕಷ್ಟು ವಯಸ್ಸಾಗಿದೆ, ಅದಕ್ಕೂ ತನ್ನದೇ ಚಂದ ಇದೆ.

ಹಾಗಾದರೆ ಅಲಂಕಾರ ಎಲ್ಲಿ ಮಾಡಬೇಕು? ಅಕ್ಷರ ತಾನಾಗಿ ಜಾಗ ಬಿಟ್ಟ ಕಡೆ. ಮೊದಲನೇ ಜಾಗ ತಲೆಕಟ್ಟು. ಅದರ ತುದಿಯನ್ನು ದಪ್ಪ ಮಾಡಬಹುದು, ಸೀಳಬಹುದು, ಸಣ್ಣ ಸುರುಳಿ ಕೊಡಬಹುದು. ಇಂಗ್ಲಿಷಿನ ಸೆರಿಫ್ ಮಾಡುವ ಕೆಲಸವನ್ನು ಕನ್ನಡದಲ್ಲಿ ತಲೆಕಟ್ಟೇ ಮಾಡುತ್ತದೆ, ಸಾಲನ್ನು ಕಟ್ಟಿ ಹಿಡಿಯುತ್ತದೆ. ಆಮೇಲೆ ದೀರ್ಘದ ಕೊಕ್ಕೆ, ಕೊಂಬಿನ ಬಾಲ. ಪೇಂಟರ್‌ಗಳು ಬ್ರಷ್ ಎತ್ತುವ ಮುಂಚೆ ಒಂದು ಸುತ್ತು ಹೆಚ್ಚಿಗೆ ತಿರುಗಿಸುತ್ತಿದ್ದರಲ್ಲ, ಅದು ಇಲ್ಲೇ. ಕೊನೆಗೆ ಒತ್ತು. ಒತ್ತಕ್ಷರದ ಬಾಲವನ್ನು ಹಿಂದಿನ ಅಕ್ಷರದ ಕೆಳಗೆ ಚಾಚಿದರೆ ಅಡಿಗೆರೆ ಹಾಕುವುದೇ ಬೇಡ.

ಒಂದು ಎಚ್ಚರ. ಹಲವು ಗುಣಿತಾಕ್ಷರಗಳಲ್ಲಿ ತಲೆಕಟ್ಟು ಹೋಗುತ್ತದೆ. ದ ಇದ್ದದ್ದು ದಿ ಆದರೆ ಮೇಲಿನ ರೂಪವೇ ಬೇರೆ. ತಲೆಕಟ್ಟಿಗೆ ಸುರುಳಿ ಕೊಟ್ಟು ಗುಡಿಸನ್ನು ಬೋಳು ಬಿಟ್ಟರೆ ಒಂದೇ ಪದದಲ್ಲಿ ಅರ್ಧ ಜನ ಪೇಟ ಸುತ್ತಿದ್ದಾರೆ, ಅರ್ಧ ಜನ ಬರಿತಲೆ.

"ಇಡೀ ಮದುವಿ ಕಾರ್ಡು ಇದರಾಗ ಮಾಡಿಬಿಡ್ರಿ."

ಬೇಡ. ನಾನು ಒಂದು ಸಲ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಹುಡುಗನ ತಂದೆ ಹಟ ಹಿಡಿದರು, ನಾನೂ ಹೂಂ ಅಂದೆ. ಮುಹೂರ್ತದ ಸಮಯವನ್ನೂ ಸುರುಳಿ ಸುರುಳಿ ಕನ್ನಡ ಅಂಕಿಯಲ್ಲಿ ಹಾಕಿದೆ. ಅರ್ಧ ಬಂಧುಗಳು ೯ ಅನ್ನು ೬ ಅಂತ ಓದಿಕೊಂಡರು. ಬೆಳಗಿನ ಆರಕ್ಕೇ ಕಲ್ಯಾಣ ಮಂಟಪದ ಬಾಗಿಲು ಬಡಿದ ಸೋದರಮಾವ ನನಗೆ ಫೋನ್ ಮಾಡಿ ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.

ಶ್ರೀ, ವಧು-ವರರ ಹೆಸರು, ಹೆಚ್ಚೆಂದರೆ "ಲಗ್ನ ಪತ್ರಿಕೆ" ಅನ್ನುವ ತಲೆಬರಹ, ಇಷ್ಟಕ್ಕೆ ಅಲಂಕಾರ ಸಾಕು. ಉಳಿದದ್ದು ಸಾದಾ ಅಕ್ಷರದಲ್ಲಿ ಇರಲಿ.

"ಅಕ್ಷರ ಎಷ್ಟು ದೊಡ್ಡದಿರಬೇಕು?"

ಬೋರ್ಡಿನವರ ಹಳೇ ಲೆಕ್ಕ: ನೋಡುವವರು 10 ಅಡಿ ದೂರ ಇದ್ದರೆ ಅಕ್ಷರ 1 ಇಂಚು ಎತ್ತರ. 40 ಅಡಿ ಆಚೆಯ ರಸ್ತೆಯಿಂದ ಕಾಣಬೇಕಾದರೆ 4 ಇಂಚು. ಅದು ಸಾದಾ ಅಕ್ಷರಕ್ಕೆ. ಅಲಂಕಾರದ್ದಾದರೆ ನಾನು ಎರಡರಷ್ಟು ಮಾಡುತ್ತೇನೆ. ಕಾಗದದ ಮೇಲೆ 24 ಪಾಯಿಂಟ್‌ಗಿಂತ ಕೆಳಗೆ ಇಳಿಸುವುದಿಲ್ಲ. 72 ಪಾಯಿಂಟ್ ಅಂದರೆ 1 ಇಂಚು.

## ಕೆಲಸ ಶುರುವಾದ ಮೇಲೆ ಕೇಳುವುದು

"ಹುಬ್ಬಳ್ಳಿ ಅಂತ ಒಂದು ಫಾಂಟ್ ಐತಂತಲ್ಲ, ಅದನ್ನs ಹಾಕ್ರಿ."

ಇದೆ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದು. ಊರ ಹೆಸರಿನ ಅಭಿಮಾನ ನನಗೂ ಇದೆ. ಆದರೆ ಅದು ಉದ್ದಕ್ಕೂ ಒಂದೇ ದಪ್ಪದ ಗೆರೆಯ, ಹಗುರ ಮೈಯ ಅಕ್ಷರ. ನೀವು ಕೇಳುತ್ತಿರುವ ಭಾರದ ಹಳೇ ಗತ್ತು ಅದಕ್ಕಿಲ್ಲ.

ದಪ್ಪ-ತೆಳು ಬೇಕಾದರೆ ಟಿರೋ ಕನ್ನಡ ನೋಡಿ. ಓದುವ ಪುಟಕ್ಕೆ ಮಾಡಿದ್ದು, ದೊಡ್ಡದು ಮಾಡಿದರೂ ಗಂಭೀರವಾಗಿ ನಿಲ್ಲುತ್ತದೆ. ನೋಟೋ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಒಂಬತ್ತು ತೂಕ ಇವೆ. ಅಗಲ ಮೈ ಬೇಕಾದರೆ ಪದ್ಯಕ್ಕೆ ಎಕ್ಸ್‌ಪಾಂಡೆಡ್ ಒನ್. ಇವುಗಳಲ್ಲಿ ಒಂದನ್ನು ತಗೊಂಡು, ಒಂದೆರಡು ಬಾಲ ಕೈಯಿಂದ ಎಳೆದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

"ಚಂದದ್ದೊಂದು ವಿಂಟೇಜ್ ಫಾಂಟ್ ಇಳಿಸಿಕೊಂಡೀನಿ, ಕನ್ನಡ ಹೊಡದ್ರ ಬ್ಯಾರೇನs ಬರ್ತದ."

ಆ ಫಾಂಟಿನಲ್ಲಿ ಕನ್ನಡ ಇಲ್ಲ, ಅಷ್ಟೇ. ಪ್ಲೇಫೇರ್ ಡಿಸ್‌ಪ್ಲೇ, ಏಬ್ರಿಲ್ ಫ್ಯಾಟ್‌ಫೇಸ್ ಎರಡೂ ಬಹಳ ಚಂದ, ಎರಡರಲ್ಲೂ ಕನ್ನಡ ಇಲ್ಲ. ಫಾಂಟಿನಲ್ಲಿ ಇಲ್ಲದ ಅಕ್ಷರ ಹೊಡೆದರೆ ಕಂಪ್ಯೂಟರ್ ತನ್ನಲ್ಲಿರುವ ಸಾದಾ ಕನ್ನಡವನ್ನು ತಂದಿಡುತ್ತದೆ, ಅದೂ ಇಲ್ಲದಿದ್ದರೆ ಖಾಲಿ ಡಬ್ಬಿ ತೋರಿಸುತ್ತದೆ.

"ಅದs ಫಾಂಟು, ಗದಗದ ಅಂಗಡಿ ಬೋರ್ಡಿಗೆ ಏನ್ ಚಂದ ಕೂತದ. ನಮ್ಮ ಹುಬ್ಬಳ್ಳಿ ಬೋರ್ಡಿಗ್ಯಾಕ ಕೂಡವಲ್ದು?"

ಊರ ಹೆಸರೇ ಕಾರಣ. ಗದಗ ಅಂದರೆ ಮೂರು ಅಕ್ಷರ, ಮೂರಕ್ಕೂ ತಲೆಕಟ್ಟು, ಕೆಳಗೆ ಏನೂ ಇಲ್ಲ. ಯಾವ ಫಾಂಟಿನಲ್ಲಿ ಹಾಕಿದರೂ ಕೆತ್ತಿದ ಹಾಗೆ ಕೂರುತ್ತದೆ. ಹುಬ್ಬಳ್ಳಿಯಲ್ಲಿ ಎರಡು ಒತ್ತು ಕೆಳಗೆ ಜೋತು ಬಿದ್ದಿವೆ, ಅದರ ಮೇಲೆ ಒಂದು ಕೊಂಬು, ಒಂದು ಗುಡಿಸು ಬೇರೆ. ಒಂದೇ ಎತ್ತರದ ಪಟ್ಟಿಯಲ್ಲಿ ಎರಡೂ ಊರು ಹಾಕಿದರೆ ಹುಬ್ಬಳ್ಳಿ ಸಣ್ಣದಾಗಿ ಕಾಣುವುದು ಖಂಡಿತ. ನಮಗೆ ಇದು ಸೇರುವುದಿಲ್ಲ, ಆದರೂ ಸತ್ಯ.

ಒತ್ತು ಇರುವ ಹೆಸರಿಗೆ ಬೋರ್ಡಿನ ಕೆಳಗೆ ಜಾಗ ಜಾಸ್ತಿ ಬಿಡಿ. ಅಕ್ಷರವನ್ನು ಪಟ್ಟಿಯ ನಟ್ಟನಡುವೆ ಕೂರಿಸಬೇಡಿ, ಸ್ವಲ್ಪ ಮೇಲೆ ಎತ್ತಿ. ಎರಡು ಸಾಲು ಇದ್ದರೆ ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆಯಷ್ಟಾದರೂ ಇರಲಿ. ಇಂಗ್ಲಿಷಿಗೆ ರೂಢಿಯಲ್ಲಿರುವ 120 ಪರ್ಸೆಂಟ್ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

"ಮೊದಲನೇ ಅಕ್ಷರ ಅಷ್ಟs ದೊಡ್ಡದು ಮಾಡ್ರಿ, ಇಂಗ್ಲಿಷ್ ಕ್ಯಾಪಿಟಲ್‌ನಂಗ."

ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ. ದೊಡ್ಡದು ಮಾಡುವುದಾದರೆ ಅಕ್ಷರವನ್ನು ಇಡಿಯಾಗಿ ಮಾಡಬೇಕು. ಶ್ರೀನಿವಾಸ ಅನ್ನುವ ಹೆಸರಿಗೆ ಶ ಒಂದನ್ನೇ ಎತ್ತಿ ಹಿಗ್ಗಿಸಿ, ದೀರ್ಘವನ್ನೂ ಒತ್ತನ್ನೂ ಸಣ್ಣದು ಬಿಟ್ಟ ಕಾರ್ಡು ನೋಡಿದ್ದೇನೆ. ಶ್ರೀ ಪೂರ್ತಿ ಒಂದು ತುಂಡು. ಅದರ ರೆಕ್ಕೆ-ಪುಕ್ಕ ಅದರ ಜೊತೆಗೇ ಬೆಳೆಯಬೇಕು.

"ಅಕ್ಷರದೊಳಗ ಬಿಳಿ ಗೆರಿ, ಸುತ್ತ ನೆರಳು, ಹೂವು... ಎಲ್ಲಾ ಹಾಕ್ರಿ."

ಹಾಕೋಣ, ಒಂದು ಪರೀಕ್ಷೆ ಪಾಸಾದರೆ. "ಧಾರವಾಡ ಪೇಢಾ" ಅಂತ ಬರೆದು ಅದಕ್ಕೆ ಅಲಂಕಾರ ಹಾಕಿ ನೋಡಿ.

ಕನ್ನಡದಲ್ಲಿ ಸಣ್ಣ ಗೆರೆಯೊಂದು ಅಕ್ಷರವನ್ನೇ ಬದಲಿಸುತ್ತದೆ. ದ ದ ಹೊಟ್ಟೆಯ ಕೆಳಗೆ ಸೀಳು ಬಂದರೆ ಧ, ಡ ಗೆ ಬಂದರೆ ಢ. ಪ ದ ಒಳಗೆ ಗೆರೆ ಬಂದರೆ ಷ. ರ ದ ನಡುವೆ ಚುಕ್ಕೆ ಬಂದರೆ ಠ. ಈಗ ಅಕ್ಷರದೊಳಗೆ ಬಿಳಿ ಗೆರೆ ಎಳೆದು, ನಡುವೆ ಹೂವಿಟ್ಟರೆ ಏನಾಗುತ್ತದೆ? ಧಾರವಾಡ ಪೇಢಾ ಹೋಗಿ "ದಾರವಾಡ ಷೇಡಾ" ಆಗುತ್ತದೆ. ಇಂಗ್ಲಿಷಿನ ವಿಂಟೇಜ್ ಫಾಂಟುಗಳಲ್ಲಿ ಈ ಒಳಗೆರೆ ಸರಾಗವಾಗಿ ನಡೆಯುತ್ತದೆ, ಅಲ್ಲಿ ಅಕ್ಷರದ ಹೊಟ್ಟೆಯೊಳಗೆ ಅರ್ಥ ಇಲ್ಲ. ನಮ್ಮಲ್ಲಿ ಇದೆ.

ಅದಕ್ಕೇ ಅಕ್ಷರದ ಹೊರಗೆ ಎಷ್ಟು ಬೇಕಾದರೂ ಆಡಿ. ನೆರಳು ಒಂದೇ ಕಡೆಗೆ ಬೀಳಲಿ, ಬಲಕ್ಕೆ ಮತ್ತು ಕೆಳಕ್ಕೆ. ಬಳ್ಳಿ-ಹೂವು ಚೌಕಟ್ಟಿಗೆ ಹೋಗಲಿ. ಹೊಟ್ಟೆ ಮಾತ್ರ ಖಾಲಿ ಇರಲಿ.

"ಬೋರ್ಡಿನ್ಯಾಗ ಕನ್ನಡ, ಇಂಗ್ಲಿಷ್ ಎರಡೂ ಬೇಕು. ಜೋಡಿ ಹೆಂಗ ಮಾಡೋದು?"

ಮೊದಲು ಕಾನೂನು. ರಾಜ್ಯದ ಕನ್ನಡ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಇದು ಡಿಸೈನಿಗೂ ಒಳ್ಳೆಯದೇ. ಕನ್ನಡ ಅಕ್ಷರ ಮೊದಲು ಗಟ್ಟಿ ಮಾಡಿ, ಆಮೇಲೆ ಅದಕ್ಕೆ ಹೊಂದುವ ಇಂಗ್ಲಿಷ್ ಹುಡುಕಿ. ಬಹಳ ಜನ ಉಲ್ಟಾ ಮಾಡುತ್ತಾರೆ.

ಎತ್ತರ ಹೊಂದಿಸಲು ಹೋಗಬೇಡಿ, ಗೆರೆಯ ದಪ್ಪ ಹೊಂದಿಸಿ. ಇಂಗ್ಲಿಷ್ ಪೂರ್ತಿ ಕ್ಯಾಪಿಟಲ್‌ನಲ್ಲಿ ಇದ್ದರೆ ಕನ್ನಡಕ್ಕಿಂತ ಸಣ್ಣದಿಟ್ಟರೂ ದೊಡ್ಡದಾಗಿಯೇ ಕಾಣುತ್ತದೆ. ದುಂಡನೆಯ ಕನ್ನಡದ ಕೆಳಗೆ ಕೂಪರ್ ಬ್ಲ್ಯಾಕ್ ಥರದ ಮೆತ್ತಗಿನ ಪಾದದ ಅಕ್ಷರ ಅಣ್ಣ-ತಮ್ಮನ ಹಾಗೆ ಕೂರುತ್ತದೆ. ಚೂಪು ಪಾದದ ಬೊಡೋನಿ ಜಾತಿಯದು ನೆಂಟರ ಮನೆಗೆ ಬಂದವರ ಹಾಗೆ, ಸ್ವಲ್ಪ ದೂರವೇ.

"ಜಾಗ ಉಳದೈತಿ, ಅಕ್ಷರ ಜಗ್ಗಿ ತುಂಬಿಸಿಬಿಡ್ರಿ."

ಜಗ್ಗಬೇಡಿ. ಅಡ್ಡಕ್ಕೆ ಜಗ್ಗಿದರೆ ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ, ದಪ್ಪ-ತೆಳುವಿನ ಲೆಕ್ಕ ಪೂರ್ತಿ ತಪ್ಪುತ್ತದೆ. ಉಳಿದ ಜಾಗದಲ್ಲಿ ಎರಡೂ ಕಡೆ ಒಂದೊಂದು ಹೂವು ಇಡಿ. ಹ್ಯಾಂಡ್‌ಬಿಲ್ ಜೋಡಿಸುವವರು ಅದನ್ನೇ ಮಾಡುತ್ತಿದ್ದರು.

"ನೆಟ್‌ನ್ಯಾಗ ಫ್ರೀ ಸಿಕ್ಕೈತಿ. ಪ್ಯಾಕೆಟ್ ಮ್ಯಾಲೆ ಹಾಕಿ ಮಾರಬಹುದಿಲ್ಲೋ?"

ಫಾಂಟಿನ ಜೊತೆ ಬರುವ ಲೈಸೆನ್ಸ್ ಕಡತ ತೆರೆದು ಓದಿ. "ಪರ್ಸನಲ್ ಯೂಸ್" ಅಂತ ಇದ್ದರೆ ಅಂಗಡಿಯ ಕೆಲಸಕ್ಕೆ ಹಾಕುವ ಹಾಗಿಲ್ಲ, ದುಡ್ಡು ಕೊಡಬೇಕು. "ಓಪನ್ ಫಾಂಟ್ ಲೈಸೆನ್ಸ್" ಅಂತ ಇದ್ದರೆ ಬೋರ್ಡು, ಪ್ಯಾಕೆಟ್ಟು, ಪುಸ್ತಕ ಎಲ್ಲದಕ್ಕೂ ಹಾಕಬಹುದು, ತಿದ್ದಲೂಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ. ಬ್ಯಾಡಗಿ ಮೆಣಸಿನಪುಡಿ ಹೊರದೇಶಕ್ಕೆ ಕಳಿಸುವವರಂತೂ ಈ ಕಡತವನ್ನು ಬಿಲ್ಲಿನ ಜೊತೆ ಕಾಪಿಟ್ಟುಕೊಳ್ಳಿ.

## ಕಂಪ್ಯೂಟರ್ ಮುಂದೆ ಕೂತವರು ಕೇಳುವುದು

"ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದಕ್ಕೆ ಹೊಸ ಫಾಂಟ್ ಹಾಕಿದರೆ ಎಲ್ಲಾ ಇಂಗ್ಲಿಷ್ ಕಸ ಆಗುತ್ತದೆ, ಯಾಕೆ?"

ಹಳೇ ನುಡಿ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಂಪ್ಯೂಟರಿಗೆ ಅದು ಇಂಗ್ಲಿಷೇ. ಈಗಿನ ಫಾಂಟುಗಳು ಯೂನಿಕೋಡ್, ಅಂದರೆ ಎಲ್ಲ ಭಾಷೆಗೂ ಸೇರಿದ ಒಂದೇ ಸಂಖ್ಯೆಪಟ್ಟಿ, ಅದರಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳಿವೆ. ಬರಹವನ್ನು ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಒಂದು ಸಲ ಕಣ್ಣಿಟ್ಟು ಓದಿ. ಅರ್ಕಾವತ್ತು ಜಾಗ ತಪ್ಪುವುದು ಸಾಮಾನ್ಯ.

"ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆದು ಬರುತ್ತಿದೆ. ಫಾಂಟ್ ಕೆಟ್ಟಿದೆಯಾ?"

ಬಹುತೇಕ ಫಾಂಟಿನ ತಪ್ಪಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಸರಿಯಾಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ತಲೆನೋವೇ ಇಲ್ಲ, ಆ ಡ್ರಾಯಿಂಗ್ ಸಾಫ್ಟ್‌ವೇರ್ ಪುಕ್ಕಟೆ ಕೂಡ. ಪ್ರೆಸ್ಸಿಗೆ ಕೊಡುವ ಮುಂಚೆ ತಲೆಬರಹವನ್ನು ಕರ್ವ್ಸ್ ಮಾಡಿ, ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ ಕೊಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ.

ಇನ್ನೊಂದು ತೊಂದರೆ ರ‍್ಯಾಲಿ, ರ‍್ಯಾಂಕ್ ಥರದ ಪದಗಳದ್ದು. ಸುಮ್ನೆ ಹೊಡೆದರೆ ಅರ್ಕಾವತ್ತು ಬಂದು "ರ್ಯಾಲಿ" ಆಗುತ್ತದೆ. ರ ಆದ ಮೇಲೆ ಜೀರೋ ವಿಡ್ತ್ ಜಾಯ್ನರ್ ಅನ್ನುವ ಕಾಣದ ಚಿಹ್ನೆ ಹಾಕಿ, ಆಮೇಲೆ ಒತ್ತು ಕೊಡಬೇಕು. ಕೀ ಎಲ್ಲಿದೆ ಅಂತ ಸಿಗದಿದ್ದರೆ ಸರಿಯಾಗಿ ಬಂದ ಕಡೆಯಿಂದ ಕಾಪಿ ಮಾಡಿಕೊಳ್ಳಿ, ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ.

"ಲಕ್ಕುಂಡಿ ಶಾಸನದ ಅಕ್ಷರಾನೇ ತಗೊಂಡು ಫಾಂಟ್ ಮಾಡಿದರೆ ಹೇಗೆ?"

ಕಣ್ಣಿಗೆ ಹಬ್ಬ, ಓದಲು ಕಷ್ಟ. ಅಲ್ಲಿನ ಅತ್ತಿಮಬ್ಬೆಯ ಶಾಸನ 1007ರದ್ದು. ಆ ಕಾಲದ ಅಕ್ಷರಗಳ ರೂಪ ಈಗಿನದಲ್ಲ, ಪದಗಳ ನಡುವೆ ಜಾಗವೂ ಬಿಡುತ್ತಿರಲಿಲ್ಲ. ಅಂಗಡಿಯ ಬೋರ್ಡಿಗೆ ಹಾಕಿದರೆ ಇತಿಹಾಸದ ಮೇಷ್ಟ್ರು ಮಾತ್ರ ಗಿರಾಕಿ. ಆದರೆ ಅಲ್ಲಿನ ಕಂಬ, ಬಾಗಿಲುವಾಡದ ಬಳ್ಳಿ ಕೆತ್ತನೆ ಇದೆಯಲ್ಲ, ಅದು ನಿಮ್ಮ ಚೌಕಟ್ಟಿಗೆ ಹೇಳಿ ಮಾಡಿಸಿದ್ದು. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಕೆತ್ತನೆಯ ಆಳ ಕಾಣುತ್ತದೆ.

"ಹ್ಯಾಂಡ್‌ಬಿಲ್ ಅಕ್ಷರ ನೋಡಿ ನಾನೇ ಒಂದು ಕನ್ನಡ ಫಾಂಟ್ ಮಾಡಬೇಕು ಅಂತಿದ್ದೇನೆ. ಎಷ್ಟು ಅಕ್ಷರ ಬಿಡಿಸಬೇಕು?"

ವರ್ಣಮಾಲೆ 49 ಅಂತ ನಂಬಿ ಕೂರಬೇಡಿ. 34 ವ್ಯಂಜನಕ್ಕೆ 34 ಒತ್ತು, ಜೋಡಿ ಲೆಕ್ಕ ಹಾಕಿದರೆ 1156. ಪುಣ್ಯಕ್ಕೆ ಅಷ್ಟೂ ಬಿಡಿಸಬೇಕಿಲ್ಲ. ಒತ್ತುಗಳನ್ನು ಬೇರೆ ಬಿಡಿಸಿ, ಯಾವುದರ ಕೆಳಗೆ ಎಲ್ಲಿ ಕೂರಬೇಕು ಅಂತ ಫಾಂಟಿಗೆ ಹೇಳಿಕೊಟ್ಟರೆ ಸಾಕು. ಗುಣಿತದ ರೂಪಗಳು ಮಾತ್ರ ಒಂದೊಂದೂ ನಿಮ್ಮ ಕೈಯಿಂದಲೇ ಬರಬೇಕು. ಎಲ್ಲಾ ಸೇರಿ ನೂರಾರು ಆಗುತ್ತದೆ.

ಮೊದಲು ದ, ಗ, ಕ, ಸ, ಅ ಈ ಐದನ್ನು ಗಟ್ಟಿ ಮಾಡಿ. ಹೊಟ್ಟೆ, ತಲೆಕಟ್ಟು, ಕಾಲು, ಸುರುಳಿ ಎಲ್ಲದರ ತೀರ್ಮಾನ ಇವುಗಳಲ್ಲೇ ಆಗಿಬಿಡುತ್ತದೆ. ಫಾಂಟ್‌ಫೋರ್ಜ್ ಪುಕ್ಕಟೆ, ಅದರಲ್ಲಿ ಶುರು ಮಾಡಿ. ಹ್ಯಾಂಡ್‌ಬಿಲ್ಲನ್ನು ಸ್ಕ್ಯಾನ್ ಮಾಡಿ ಹಾಗೇ ಟ್ರೇಸ್ ಮಾಡಬೇಡಿ. ಶಾಯಿ ಹರಡಿದ್ದೂ, ಮೊಳೆ ಸವೆದದ್ದೂ ಅಕ್ಷರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಪಕ್ಕದಲ್ಲಿಟ್ಟು ನೋಡಿ, ಮುಚ್ಚಿಟ್ಟು ಬಿಡಿಸಿ.

ಪರೀಕ್ಷೆಗೆ ನಾನು ಇಟ್ಟುಕೊಂಡ ಪದಗಳು: ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಏಲಕ್ಕಿ, ರಾಷ್ಟ್ರ, ಐಶ್ವರ್ಯ, ಕೈಮಗ್ಗ. ಪ್ರಿಂಟ್ ತೆಗೆದು ಎದುರಿನ ಚಹಾ ಅಂಗಡಿಯ ಗೋಡೆಗೆ ಅಂಟಿಸಿ, ರಸ್ತೆಯ ಈಚೆ ನಿಂತು ಓದುತ್ತೇನೆ. ಚಹಾ ಕುಡಿಯಲು ಬಂದವರು ಯಾವ ಪದಕ್ಕೆ ತಡವರಿಸುತ್ತಾರೆ ಅಂತಲೂ ನೋಡುತ್ತೇನೆ. ನಾನೇ ಒಂದು ಫಾಂಟ್ ಶುರು ಮಾಡಿ ಎರಡು ವರ್ಷ ಆಯಿತು. ಸದ್ಯ ಳ ದ ಒತ್ತಿನ ಹತ್ತಿರ ನಿಂತಿದೆ. ಅದು ಮುಗಿಯುವ ತನಕ ಊರ ಹೆಸರೇ ಬರೆಯುವ ಹಾಗಿಲ್ಲ.